ನಿದ್ದೆ ಕರ್ಪೂರ

"ನಿದ್ದೆಯಲ್ಲೇ ಹೋದರಂತೆ, ಪುಣ್ಯವಂತರು" ಎಂದು ನಮ್ಮ ಹಳೇ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಮೊದಲು ಬರೆದವರು ಕನ್ನಡ ಮೇಷ್ಟ್ರು. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಒಬ್ಬರು "ಓಂ ಶಾಂತಿ" ಎಂದರು, ಇನ್ನೊಬ್ಬರು "ಇಂಥ ಸಾವು ಎಲ್ರಿಗೂ ಸಿಗಲ್ಲ" ಎಂದರು. ನಾನೂ ಏನಾದರೂ ಬರೆಯೋಣವೆಂದು ಫೋನು ಹಿಡಿದು ಕೂತೆ. ಕೈ ಓಡಲಿಲ್ಲ. ಪ್ರಾಣಿಶಾಸ್ತ್ರದ ಮೇಡಂ ವಿಷಯದಲ್ಲಿ ನಿದ್ದೆಯ ಮಾತನ್ನು ಅಷ್ಟು ಹಗುರವಾಗಿ ಆಡುವುದು ನನ್ನಿಂದಾಗದು. ಅದನ್ನು ಕನ್ನಡ ಮೇಷ್ಟ್ರೇ ಆಡಿದ್ದು ನೋಡಿ ಮೈಯೆಲ್ಲ ಉರಿಯಿತು. ಆ ಮಹಾನುಭಾವರಿಗೆ ದೇವರು ಮರೆವನ್ನು ಧಾರಾಳವಾಗಿ ಕೊಟ್ಟಿದ್ದಾನೆ.

ರಾಜಾಜಿನಗರದ ಆ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಮೇಡಂ ನನಗಿಂತ ತುಂಬ ಹಿರಿಯರು, ನಾನು ಸೇರುವ ಹೊತ್ತಿಗೆ ಅವರ ಕೂದಲು ಅರ್ಧ ಬೆಳ್ಳಗಾಗಿತ್ತು. ಸಣಕಲು ಮೈ, ಗಂಜಿ ಹಾಕಿದ ಹತ್ತಿ ಸೀರೆ, ಎಡಗೈಯಲ್ಲಿ ಗಂಡಸರ ಗಡಿಯಾರ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಸ್ಟಾಫ್ ರೂಮಿನಲ್ಲಿ ಯಾರಿಗೂ ಇರಲಿಲ್ಲ, ಇದ್ದವಳು ನಾನೊಬ್ಬಳೇ, ನಾನು ಕೇಳಿದೆ. "ಯಾರೂ ಕೇಳ್ಲಿಲ್ಲ, ಅದಕ್ಕೆ ಆಗ್ಲಿಲ್ಲ" ಎಂದರು. ಆಮೇಲೆ ನನ್ನ ಡಬ್ಬಿಯಿಂದ ಒಂದು ಚಕ್ಕುಲಿ ತೆಗೆದುಕೊಂಡು ನಿಧಾನವಾಗಿ ಮುರಿದು ತಿಂದರು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಅವರು ಬರುವ ಮೊದಲೇ ಅವರ ವಾಸನೆ ಬರುತ್ತಿತ್ತು, ಕರ್ಪೂರದ ವಾಸನೆ. ಸೀರೆಯ ಮಡಿಕೆಯಲ್ಲಿ, ಕೈಚೀಲದಲ್ಲಿ, ಅವರು ತಿದ್ದಿಕೊಟ್ಟ ಉತ್ತರಪತ್ರಿಕೆಯಲ್ಲಿ ಕೂಡ. ಅತ್ತಿಗುಪ್ಪೆಯಿಂದ ಬಸ್ಸಿನಲ್ಲಿ ಬರುವಾಗ ಪಕ್ಕದ ಸೀಟಿನ ಅಜ್ಜಿಯರು "ಯಾವ್ ದೇವಸ್ಥಾನಕ್ ಹೋಗಿದ್ರಮ್ಮ ಇಷ್ಟ್ ಬೆಳಗ್ಗೇನೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವರ ಸೆರಗು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರಂತೆ.

"ನಾನೇನ್ ಹೇಳ್ಲಿ, ಹೇಳಿ? ಜಿಗಣೆ ಮಲಗಿಸಿ ಬಂದೆ ಅನ್ಲಾ?" ಎಂದು ನನ್ನನ್ನು ಕೇಳುತ್ತಿದ್ದರು. ಮುಖದಲ್ಲಿ ನಗು ಇರುತ್ತಿರಲಿಲ್ಲ. ಅವರು ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ಎಂದು ತಿಳಿಯುವುದು ಕೊನೆಯವರೆಗೂ ಕಷ್ಟವೇ ಆಗಿತ್ತು.

ಆ ವಾಸನೆ ಕರ್ಪೂರದ್ದಲ್ಲ. ಕ್ಲೋರೋಬ್ಯೂಟನಾಲ್ ಎಂಬ ಬಿಳಿ ಹರಳಿನದು. ಅದು ಆಲ್ಕೊಹಾಲುಗಳ ಮನೆತನಕ್ಕೆ ಸೇರಿದ್ದು, ಕ್ಲೋರೋಫಾರಮ್ಮಿಗೆ ಹತ್ತಿರದ ನೆಂಟ. ಹೆಂಡದ ಗುರುತು ಅದರಲ್ಲಿ ಹುಡುಕಿದರೂ ಸಿಗದು. ನೋಡಲು, ಮೂಸಲು, ತೆರೆದಿಟ್ಟರೆ ಗಾಳಿಗೆ ಸವೆದು ಮಾಯವಾಗಲು ಥೇಟ್ ಕರ್ಪೂರ. ನಾಲಿಗೆಗೆ ತಾಗಿದರೆ ಜೋಮು ಹಿಡಿಸುತ್ತದೆ, ಹೊಟ್ಟೆಗೆ ಹೋದರೆ ನಿದ್ದೆ ಬರಿಸುತ್ತದೆ. ಹಿಂದೆ ಮನುಷ್ಯರಿಗೇ ನಿದ್ದೆಗಾಗಿ ಕೊಡುತ್ತಿದ್ದರು. ಈಗ ಕಣ್ಣಿಗೆ ಬಿಡುವ ಹನಿ ಕೆಡದಿರಲೆಂದು ಚೂರೇ ಚೂರು ಸೇರಿಸುತ್ತಾರೆ. ಪ್ರಾಣಿಶಾಸ್ತ್ರದವರು ಅದನ್ನು ಇಟ್ಟುಕೊಳ್ಳುವುದು ಹುಳುಹುಪ್ಪಟೆಗಳನ್ನು ಮಲಗಿಸಲು. ಹುಡುಗರು ಅದಕ್ಕೆ 'ನಿದ್ದೆ ಕರ್ಪೂರ' ಎಂದು ಹೆಸರಿಟ್ಟಿದ್ದರು. ಮೇಡಂ ಮಾತ್ರ ಅದರ ಹೆಸರು ಹೇಳುತ್ತಿರಲಿಲ್ಲ. "ಅದು ಎಲ್ಲಿದೆ? ಅದನ್ನ ತಗೊಂಡ್ ಬಾ" ಅಷ್ಟೇ.

ಒಂದು ಸಲ ಅವರ ಪ್ರಾಕ್ಟಿಕಲ್ ತರಗತಿಯಲ್ಲಿ ಹಿಂದೆ ನಿಂತು ನೋಡಿದ್ದೇನೆ. ಬಿಳಿಯ ಎನಾಮೆಲ್ ತಟ್ಟೆ, ಅದರಲ್ಲಿ ನೀರು, ನೀರಿನಲ್ಲಿ ಒಂದು ಜಿಗಣೆ ಮೈ ಬಳುಕಿಸಿಕೊಂಡು ಸುತ್ತು ಹಾಕುತ್ತಿತ್ತು. ಅವರು ಎರಡು ಬೆರಳಲ್ಲಿ ಹರಳನ್ನು ಹಿಡಿದು, ಹೆಂಗಸರು ಸಾರಿಗೆ ಉಪ್ಪು ಉದುರಿಸುವ ಹಾಗೆ ಉದುರಿಸಿದರು. ಆಮೇಲೆ ಅವರ ದನಿ ಇಳಿಯುತ್ತಾ ಹೋಯಿತು.

"ಅವಸರ ಮಾಡಬಾರ್ದು. ಅದಕ್ಕೂ ಗೊತ್ತಾಗಬಾರ್ದು, ನಮಗೂ ಗೊತ್ತಾಗಬಾರ್ದು. ಹಾಂ... ನೋಡಿ, ಸುತ್ತೋದು ನಿಧಾನ ಆಯ್ತು. ಈಗ ತಳಕ್ಕೆ ಹೋಗುತ್ತೆ. ಹೋಯ್ತು. ಈಗ ಮೈ ಬಿಡುತ್ತೆ."

ಕತ್ತು ಚಾಚಿ ನೋಡುತ್ತಿದ್ದ ಹುಡುಗ ಹುಡುಗಿಯರ ಕಣ್ಣುಗಳೂ ಮುಚ್ಚಿಕೊಳ್ಳುತ್ತಾ ಬಂದವು. ನನಗೂ ಆಕಳಿಕೆ ಬಂತು. ಅವರು ಬಲಗೈಯ ತೋರುಬೆರಳಿನಿಂದ ಜಿಗಣೆಯನ್ನು ಒಂದು ಸಲ ಮುಟ್ಟಿ ಕಾದರು. ಅದು ತುಸು ಸೆಟೆಯಿತು. "ಸ್ಪರ್ಶ ಇದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿದರು. ಅದು ಅಲ್ಲಾಡಲಿಲ್ಲ. "ಈಗ ಇಲ್ಲ" ಎಂದು ಹೇಳಿ, ಸತ್ತ ಜೀವಿ ಕೆಡದಂತೆ ಇಡುವ ಫಾರ್ಮಲಿನ್ ಸೀಸೆಯ ಮುಚ್ಚಳ ತೆಗೆದರು. ನಾನು ಹೊರಗೆ ಬಂದುಬಿಟ್ಟೆ.

ನೇರವಾಗಿ ಫಾರ್ಮಲಿನ್‌ಗೆ ಹಾಕಿದರೆ ಏನಾಗುತ್ತದೆ ಎಂದು ಕೇಳಿದಾಗ ಅವರು ಕಪಾಟಿನ ಮೂಲೆಯಿಂದ ಒಂದು ಹಳೇ ಸೀಸೆ ತೆಗೆದು ತೋರಿಸಿದ್ದರು. ಅವರಿಗಿಂತ ಹಿಂದೆ ಇದ್ದ ಯಾರೋ ಮೇಷ್ಟ್ರ ಕೆಲಸ. ಒಳಗಿದ್ದ ಜೀವಿ ಗಂಟು ಗಂಟಾಗಿ ಮುದುಡಿಕೊಂಡಿತ್ತು, ಎರೆಹುಳುವೋ ಬಸವನಹುಳುವೋ ಹೇಳಲಾಗುತ್ತಿರಲಿಲ್ಲ. "ಹೆದರಿ ಸತ್ತದ್ದು ಹೆದರಿದ ಹಾಗೇ ಇರುತ್ತೆ. ಎಷ್ಟ್ ವರ್ಷ ಆದ್ರೂ ಸೀಸೆ ಒಳಗೆ ಹೆದರ್ತಾನೇ ಇರುತ್ತೆ" ಎಂದರು. ಅವರ ಸೀಸೆಗಳಲ್ಲಿದ್ದವು ಹಾಗಿರಲಿಲ್ಲ. ಎಲ್ಲವೂ ಮೈ ಚಾಚಿ, ಆರಾಮಾಗಿ, ಊಟ ಮಾಡಿ ಅಡ್ಡಾದವರ ಹಾಗೆ ಇದ್ದವು. ಕಾರವಾರದ ಕಡೆ ಪ್ರವಾಸ ಹೋದಾಗ ತಂದ ಕಡಲ ಹೂವೊಂದು, ಹೂವೆಂದರೆ ಅದೂ ಪ್ರಾಣಿಯೇ, ಎಸಳೆಲ್ಲ ಬಿಚ್ಚಿಕೊಂಡು ಸೇವಂತಿಗೆಯಂತೆ ನಿಂತಿತ್ತು. ಹೊರಗಿನಿಂದ ಬರುವ ಪರೀಕ್ಷಕರು ಅದರ ಮುಂದೆ ನಿಂತು ವಾಹ್ ಅನ್ನುತ್ತಿದ್ದರು. ನನಗೆ ಆ ಕೋಣೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ದೇವರಮನೆಯ ವಾಸನೆ, ಆದರೆ ದೇವರಿಲ್ಲ. ಸುತ್ತ ಸಾಲಾಗಿ ಮಲಗಿದವುಗಳು ಮಾತ್ರ.

ಮೇಷ್ಟ್ರುಗಳಿಗೆ ತಮ್ಮ ಕಸುಬಿನ ಚಟ ಮನೆಗೂ ಅಂಟಿಕೊಳ್ಳುತ್ತದೆ. ಗಣಿತದವರದು ತರಕಾರಿ ಅಂಗಡಿಯಲ್ಲಿ ಕಾಣಿಸಿಕೊಳ್ಳುತ್ತದೆ, ಇತಿಹಾಸದವರದು ಗಂಡ ಹೆಂಡತಿ ಜಗಳದಲ್ಲಿ. ನಮ್ಮ ಮೇಡಂದು ಬೆರಳಿನಲ್ಲಿ ಇತ್ತು. ಯಾರನ್ನೇ ಮಾತಾಡಿಸಬೇಕಾದರೂ ಮೊದಲು ಒಂದೇ ಬೆರಳಿನಿಂದ ಭುಜ ಮುಟ್ಟಿ, ಅವರು ತಿರುಗುವವರೆಗೆ ಸುಮ್ಮನೆ ಕಾಯುತ್ತಿದ್ದರು. ಕನ್ನಡ ಮೇಷ್ಟ್ರು ಬೆಚ್ಚಿ, "ಏನ್ ಮೇಡಂ, ನನ್ನನ್ನೂ ಸೀಸೆಗೆ ಹಾಕ್ತೀರಾ?" ಎಂದು ರೇಗಿಸುತ್ತಿದ್ದರು. "ನಿಮಗೆ ಸ್ಪರ್ಶ ಜಾಸ್ತಿ ಇದೆ, ಸಾರ್. ಇನ್ನೂ ಟೈಮಿದೆ" ಎನ್ನುತ್ತಿದ್ದರು ಇವರು.

ಆ ಹರಳನ್ನು ಅವರು ಲ್ಯಾಬಿನಲ್ಲಿ ಇಡುತ್ತಿರಲಿಲ್ಲ. ಬಾಟಲಿಯ ಮುಚ್ಚಳ ಸರಿಯಿಲ್ಲದೆ ಅರ್ಧಕ್ಕರ್ಧ ಹಾರಿಹೋಗಿತ್ತಂತೆ. ಹಾಗಾಗಿ ಬಿಗಿ ಮುಚ್ಚಳದ ಪುಟ್ಟ ಸ್ಟೀಲ್ ಡಬ್ಬಿಗೆ ಸುರಿದು ಸ್ಟಾಫ್ ರೂಮಿನ ತಮ್ಮ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದರು. ಅದರಲ್ಲಿ ನಾಲ್ಕಾರು ಕಾಳುಮೆಣಸು ಬೇರೆ. ನಮ್ಮ ಮನೆಗಳಲ್ಲಿ ಪಚ್ಚಕರ್ಪೂರ ಹಾರಿಹೋಗದಿರಲೆಂದು ಮೆಣಸು ಹಾಕಿಡುತ್ತಾರಲ್ಲ, ಹಾಗೆ. ನಾನು ನೋಡಿ ನಕ್ಕುಬಿಟ್ಟಿದ್ದೆ.

"ಮೇಡಂ, ಎಂಎಸ್ಸಿ ಓದಿ ಇದೇನಿದು? ಮೆಣಸಿಗೂ ಇದಕ್ಕೂ ಏನ್ ಸಂಬಂಧ?"

"ನಮ್ಮಮ್ಮ ಹಾಕ್ತಿದ್ರು."

"ಅವರು ಹಾಕ್ತಿದ್ದಿದ್ದು ಕರ್ಪೂರಕ್ಕೆ."

"ಇದಕ್ಕೆ ಅದು ಗೊತ್ತಾ?" ಎಂದು ಡಬ್ಬಿ ಮುಚ್ಚಿದರು.

ಅವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಕಣ್ಣಿನ ಕೆಳಗಿನ ಕಪ್ಪೇ ಹೇಳುತ್ತಿತ್ತು. ಅವರೇ ಅದನ್ನು ತಗೋತಾರೆ ಎಂದು ಹುಡುಗರು ಗುಸುಗುಸು ಮಾಡುತ್ತಿದ್ದರು. ನಾನು ಇದನ್ನೂ ಕೇಳಿದೆ. ಅವರು ಗಾಬರಿಯಾದವರಂತೆ ತಲೆ ಆಡಿಸಿದರು. "ಅಯ್ಯೋ, ಬೇಡಪ್ಪ. ಹೆಂಡ ಆದ್ರೆ ಮಾರನೇ ದಿನಕ್ಕೆ ಇಳಿಯುತ್ತೆ. ಇದು ಹಾಗಲ್ಲ. ಒಂದ್ಸಲ ಒಳಗೆ ಹೋದ್ರೆ ದಿನಗಟ್ಟಲೆ ರಕ್ತದಲ್ಲಿ ಕೂತಿರುತ್ತೆ. ಎದ್ದು ಓಡಾಡ್ತಿರ್ತೀವಿ, ಆದ್ರೆ ಒಳಗೆ ಎಲ್ಲೋ ಒಂದು ಕಡೆ ಮಲಗೇ ಇರ್ತೀವಿ. ನನಗೆ ಎಚ್ಚರ ಇರೋದೇ ವಾಸಿ."

ವಿಜಯನಗರದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲದಲ್ಲಿ ನಾನು ಬಸುರಿಯಾದೆ. ಎರಡನೆಯ ಸಲ. ಮೊದಲನೆಯದು ಐದನೇ ತಿಂಗಳಲ್ಲಿ ಹೋಗಿತ್ತು. ಹೋಗುವ ಮೊದಲು ಎರಡು ದಿನ ಮಗು ಸುಮ್ಮನಾಗಿತ್ತು. ನಾನು ತಿಳಿಯದೆ, "ಪಾಪ, ಮಲಗಿದೆ" ಎಂದುಕೊಂಡು ಹೊಟ್ಟೆ ಸವರಿಕೊಂಡು ಓಡಾಡಿದ್ದೆ. ಅದರ ಮೇಲೆ ಈ ಸಲ ಆರನೇ ತಿಂಗಳು ಹಿಡಿದಾಗ, ಮಗು ಅಲ್ಲಾಡಿದರೆ ಉಸಿರು, ಇಲ್ಲದಿದ್ದರೆ ಇಲ್ಲ, ಅನ್ನುವ ಹಾಗೆ ಬದುಕುತ್ತಿದ್ದೆ. ಬಾಯಿ ಜೋರಿನವಳೆಂದು ಹೆಸರಾದ ನಾನು ಮೆಟ್ಟಿಲು ಹತ್ತುವಾಗ ದೇವರ ಹೆಸರು ಹೇಳಿಕೊಳ್ಳುತ್ತಿದ್ದೆ. ಯಾರಿಗೂ ಹೇಳುವ ಮೊದಲೇ ಮೇಡಂಗೆ ಗೊತ್ತಾಗಿತ್ತು. ಒಂದು ಬೆಳಿಗ್ಗೆ ಅವರ ಲ್ಯಾಬಿನ ಬಾಗಿಲಿಗೆ ಹೋದವಳನ್ನು ಅಡ್ಡ ನಿಂತು ತಡೆದರು. "ಇನ್ನು ಈ ಕಡೆ ಬರ್ಬೇಡಿ. ಇಲ್ಲಿನ ಗಾಳಿ ನಿಮಗೆ ಆಗಲ್ಲ."

ಆ ವರ್ಷದ ರಾಮನವಮಿ ಬಂತು. ಕಾಲೇಜಿನಲ್ಲಿ ಅರ್ಧ ದಿನ ಪಾಠ, ಆಮೇಲೆ ಸ್ಟಾಫ್ ರೂಮಿನಲ್ಲಿ ಕೋಸಂಬರಿ, ಪಾನಕ. ಪಾನಕ ಮಾತ್ರ ಕನ್ನಡ ಮೇಷ್ಟ್ರ ಕೈಯದೇ ಆಗಬೇಕು. ಬೆಲ್ಲ, ನಿಂಬೆಹಣ್ಣು, ಏಲಕ್ಕಿ, ಶುಂಠಿ ಯಾರಾದರೂ ಹಾಕಿಯಾರು, ಪಚ್ಚಕರ್ಪೂರದ ಹದ ತಮಗೊಬ್ಬರಿಗೇ ಗೊತ್ತು ಎಂಬುದು ಅವರ ಹೆಮ್ಮೆ. ಆ ದಿನ ಅವರು ಪಚ್ಚಕರ್ಪೂರವನ್ನೇ ಮನೆಯಲ್ಲಿ ಮರೆತು ಬಂದಿದ್ದರು. ಮೇಡಂ ಪರೀಕ್ಷಾ ಕೊಠಡಿಯಲ್ಲಿದ್ದರು. ಅವರ ಮೇಜಿನಿಂದ ಬರುತ್ತಿದ್ದ ವಾಸನೆ ಹಿಡಿದು ಮೇಷ್ಟ್ರು ಖಾನೆ ಎಳೆದರು, ಡಬ್ಬಿ ತೆಗೆದರು. ಬಿಳಿ ಹರಳು, ಕರ್ಪೂರದ ವಾಸನೆ, ಜೊತೆಗೆ ಕಾಳುಮೆಣಸು. ಅಷ್ಟು ಸಾಲದೇ? ಮೆಣಸು ಹಾಕಿಟ್ಟದ್ದನ್ನು ಯಾರು ತಾನೇ ಔಷಧ ಎಂದುಕೊಂಡಾರು? ಮೆಣಸನ್ನು ಆಯ್ದು ಪಕ್ಕಕ್ಕಿಟ್ಟು, ಇದ್ದಷ್ಟು ಹರಳನ್ನೂ ಸಕ್ಕರೆಯ ಜೊತೆ ಅರೆದು ಪಾತ್ರೆಗೆ ಸುರಿದಿದ್ದಾರೆ. ಇದೆಲ್ಲ ಆಮೇಲೆ ತಿಳಿದದ್ದು.

ಬಿಸಿಲೋ ಬಿಸಿಲು. ನಾನು ಒಂದು ಲೋಟ ಕುಡಿದೆ. ನಾಲಿಗೆ ಸ್ವಲ್ಪ ಜೋಮು ಹಿಡಿದ ಹಾಗಾಯಿತು. "ಅದೇ ನೋಡಿ ಪಚ್ಚಕರ್ಪೂರದ ತಂಪು!" ಎಂದರು ಮೇಷ್ಟ್ರು. "ಇಬ್ರಿಗೆ ಒಂದ್ ಲೋಟ ಸಾಲುತ್ತಾ? ತಗೊಳಿ, ತಗೊಳಿ" ಎಂದು ಇನ್ನೊಂದು ಕೊಟ್ಟರು. ಅದನ್ನೂ ಕುಡಿದೆ.

ಮೊದಲು ಇತಿಹಾಸದವರು ಮಾತಿನ ಮಧ್ಯೆ ನಿಂತುಹೋದರು. ಸಂಸ್ಕೃತದ ಮೇಡಂ ಮೇಜಿನ ಮೇಲೆ ತಲೆಯಿಟ್ಟರು. ಕನ್ನಡ ಮೇಷ್ಟ್ರು ಸೌಟು ಕೈಯಲ್ಲಿ ಹಿಡಿದೇ ಕುರ್ಚಿಗೆ ಒರಗಿದರು. ಯಾರಿಗೂ ಯಾರ ಬಗ್ಗೆಯೂ ಆಶ್ಚರ್ಯವಾಗಲಿಲ್ಲ, ಆಶ್ಚರ್ಯಪಡುವಷ್ಟು ಎಚ್ಚರ ಯಾರಲ್ಲೂ ಉಳಿದಿರಲಿಲ್ಲ. ನನ್ನ ಕೈ ಮೇಜಿನ ಮೇಲಿತ್ತು, ಅದು ನನ್ನದೆಂದು ಗೊತ್ತಿತ್ತು, ಆದರೆ ಎತ್ತಬೇಕೆನಿಸಲಿಲ್ಲ. ಗಂಟೆ ಹೊಡೆಯುವ ಅಟೆಂಡರ್ ಕೂಡ ಪಾನಕ ಕುಡಿದು ಕಾರಿಡಾರಿನ ಬೆಂಚಿನಲ್ಲಿ ಮಲಗಿದ್ದರಿಂದ ಗಂಟೆ ಹೊಡೆಯಲೇ ಇಲ್ಲ. ಹುಡುಗರು ಮನೆಗೆ ಹೋಗಿಯಾಗಿತ್ತು. ನಡುಮಧ್ಯಾಹ್ನದ ಬೆಳಕಿನಲ್ಲಿ ಫ್ಯಾನೊಂದು ತಿರುಗುತ್ತಿತ್ತು, ಕೆಳಗೆ ನಾವೆಲ್ಲ ಮೈ ಬಿಟ್ಟುಕೊಂಡು ಬಿದ್ದಿದ್ದೆವು.

ಆಗ ಬಾಗಿಲಲ್ಲಿ ಮೇಡಂ ಬಂದು ನಿಂತರು. ಸಕ್ಕರೆ ಕಾಯಿಲೆಯಿದ್ದ ಅವರಿಗೆ ಪಾನಕ ವರ್ಜ್ಯ. ನನ್ನ ರೆಪ್ಪೆ ಪೂರ್ತಿ ಮುಚ್ಚಿರಲಿಲ್ಲ, ಸೀಳಿನಲ್ಲಿ ನೋಡುತ್ತಿದ್ದೆ. ಅವರು ಕೂಗಲಿಲ್ಲ, ಓಡಲಿಲ್ಲ. ಪಾತ್ರೆಯ ಹತ್ತಿರ ಹೋಗಿ ಬಗ್ಗಿ ಮೂಸಿದರು. ಖಾಲಿ ಡಬ್ಬಿಯನ್ನೂ ಪಕ್ಕದಲ್ಲಿದ್ದ ಮೆಣಸಿನ ಕಾಳನ್ನೂ ನೋಡಿದರು. ಆಮೇಲೆ ಒಬ್ಬೊಬ್ಬರ ಹತ್ತಿರ ಬಂದು ತೋರುಬೆರಳಿನಿಂದ ಕೆನ್ನೆ ಮುಟ್ಟಿ, ಕಾದು, ಮುಂದಿನವರ ಬಳಿ ಹೋದರು. "ಸ್ಪರ್ಶ ಇದೆ." ಇನ್ನೊಬ್ಬರು. "ಇದೆ." ಮತ್ತೊಬ್ಬರು. ಆ ಇಳಿದ ದನಿ ಹತ್ತಿರ ಹತ್ತಿರ ಬರುತ್ತಿತ್ತು. ಅವರ ಲ್ಯಾಬಿನ ತಟ್ಟೆಯ ತಳದಲ್ಲಿ ಬಿದ್ದು ಮೇಲೆ ನೋಡುತ್ತಿದ್ದೇನೆ ಎಂದೇ ನನಗನಿಸಿತು. ಕಿರುಚಬೇಕು ಅನಿಸಿತು, ಕಿರುಚುವಷ್ಟು ಭಯ ಬರಲಿಲ್ಲ. ಭಯವನ್ನೂ ಮಲಗಿಸುತ್ತದೆ ಅದು. ನನ್ನ ಬಳಿ ಬಂದಾಗ ಅವರ ಬೆರಳು ಕೆನ್ನೆಗೆ ತಾಗಲಿಲ್ಲ. ಹೊಟ್ಟೆಯ ಹತ್ತಿರ ಬಂದು ಗಾಳಿಯಲ್ಲೇ ನಿಂತಿತು. ಅಷ್ಟೇ ನೆನಪು.

ಅವರು ಎದುರಿನ ಕ್ಲಿನಿಕ್ಕಿನ ಡಾಕ್ಟರನ್ನು ಕರೆತಂದು, ಆದದ್ದನ್ನು ಮುಚ್ಚಿಡದೆ ಹೇಳಿದರಂತೆ. ಡಾಕ್ಟರ್ ಎಲ್ಲರ ನಾಡಿ, ಉಸಿರು ನೋಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ ಕಾಯಲು ಹೇಳಿದರಂತೆ. ಸಂಜೆ ಹೊತ್ತಿಗೆ ಒಬ್ಬೊಬ್ಬರಾಗಿ ತಲೆ ಭಾರ ಎಂದುಕೊಂಡು ಎದ್ದರು. ಪ್ರಿನ್ಸಿಪಾಲರು "ಬಿಸಿಲಿನ ಝಳ ಅನ್ನೋಣ" ಎಂದರು. ಎಲ್ಲರೂ ಹಾಗೇ ಅಂದರು. ನನ್ನನ್ನು ಗಂಡ ಆಟೋದಲ್ಲಿ ಗೋವಿಂದರಾಜನಗರದ ಮನೆಗೆ ಕರೆತಂದು ಮಲಗಿಸಿದರು.

ಮಾರನೇ ದಿನ ಬೆಳಿಗ್ಗೆ ನಾನು ಎದ್ದು ಕಾಫಿ ಕುಡಿಯುವ ಹೊತ್ತಿಗೆ ಮೇಡಂ ಬಾಗಿಲಲ್ಲಿದ್ದರು. ಕೂರಲಿಲ್ಲ. "ನಿನ್ನೆ ಬಿಸಿಲಲ್ಲ. ಪಾನಕದಲ್ಲಿ ಅದಿತ್ತು. ನನ್ನ ಡಬ್ಬಿಯದು. ಪ್ರಿನ್ಸಿಪಾಲರು ನಿಮಗೆ ಹೇಳ್ಬೇಡಿ ಅಂದಿದಾರೆ. ನೀವು ಎರಡು ಲೋಟ ಕುಡಿದ್ರಂತೆ" ಎಂದು ನಿಂತಲ್ಲೇ ಹೇಳಿದರು.

ಆಗಲೇ ನನಗೆ ಹೊಳೆದದ್ದು. ಎದ್ದಾಗಿನಿಂದ ಹೊಟ್ಟೆಯಲ್ಲಿ ಏನೂ ಅಲ್ಲಾಡಿರಲಿಲ್ಲ.

ಬಾಯಿಗೆ ಬಂದಂತೆ ಬೈದೆ. ಮನೆಹಾಳಿ ಎಂದೆ, ನಿಮ್ಮ ಜಿಗಣೆ ಜೊತೆ ನೀವೂ ಸಾಯಬಾರದಿತ್ತೇ ಎಂದೆ. ಅವರು ಎಲ್ಲ ಕೇಳಿಸಿಕೊಂಡು, "ಡಾಕ್ಟರ್ ಹತ್ರ ಹೋಗೋಣ ಬನ್ನಿ, ಬೈಯೋದು ಆಟೋದಲ್ಲಿ ಬೈಯಿರಿ" ಎಂದರು. ಮಾಗಡಿ ರಸ್ತೆಯ ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮನ ಮುಂದೆ ತಾವೇ ಡಬ್ಬಿ ಇಟ್ಟು ಎಲ್ಲ ವಿವರಿಸಿದರು. ಆಕೆಗೂ ಅದು ನಿದ್ದೆಯ ವಸ್ತುವೆಂದು ಗೊತ್ತಿರಲಿಲ್ಲ. "ಐ ಡ್ರಾಪ್ಸ್‌ಗೆ ಹಾಕ್ತಾರಲ್ಲ, ಅದಾ? ಹೆರಿಗೆ ನೋವು ಬರಿಸೋ ಇಂಜೆಕ್ಷನ್‌ನಲ್ಲೂ ಕೆಡದಿರ್ಲಿ ಅಂತ ಚೂರು ಇರುತ್ತೆ" ಎಂದರು. ನನಗೆ ಸಮಾಧಾನವಾಗಲಿ ಎಂದು ಹೇಳಿದ್ದು. ಆದರೆ ನನಗೆ ಕೇಳಿಸಿದ್ದು, ಹುಟ್ಟುವ ಬಾಗಿಲಲ್ಲೂ ಅದೇ ಕಾದು ನಿಂತಿದೆ ಎಂದು. ಸ್ಕ್ಯಾನಿನಲ್ಲಿ ಎದೆಬಡಿತ ಕೇಳಿಸಿತು. "ಮಗು ಇದೆ, ಆದ್ರೆ ಮಂಕಾಗಿದೆ. ನಿಮ್ಮ ರಕ್ತದಲ್ಲಿರೋದೇ ಅದಕ್ಕೂ ಹೋಗಿರುತ್ತೆ. ದಿನಾ ಬಂದು ತೋರಿಸಿ, ಕಾಯೋಣ" ಎಂದರು ಡಾಕ್ಟರಮ್ಮ.

ಹಾಗೆ ಕಾಯುವುದು ಶುರುವಾಯಿತು. ಮೇಡಂ ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಬರುತ್ತಿದ್ದರು, ಮಧ್ಯಾಹ್ನ ತರಗತಿ ಮುಗಿಸಿ ಮತ್ತೆ ಬರುತ್ತಿದ್ದರು. ನಡುಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ನಮ್ಮತ್ತೆಗೆ ಇದು ಹಿಡಿಸಲಿಲ್ಲ. ಅಡುಗೆಮನೆಗೆ ನನ್ನನ್ನು ಕರೆದು, "ಅದ್ಯಾಕೆ ಆಯಮ್ಮ ಹಿಂಗ್ ಬಂದ್ ಕೂತ್ಕೊತಾರೆ? ಮನೆ ತುಂಬ ಕರ್ಪೂರದ ವಾಸ್ನೆ. ಪೂಜೆ ಮನೆ ಥರಾನೂ ಇಲ್ಲ ಕಣೇ, ಹೆಣ ಇಟ್ಟಿರೋ ಮನೆ ಥರ ಇದೆ" ಎಂದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನನಗೂ ಮೇಡಂ ಮೇಲೆ ರೋಷ ಆರಿರಲಿಲ್ಲ. ಆದರೆ ಅವರು ಹೊರಟರೆ ಮನೆ ಇನ್ನಷ್ಟು ಹೆದರಿಸುತ್ತಿತ್ತು. ಒಳಗೆ ಮಲಗಿರುವುದರ ಭಾಷೆ ಬಲ್ಲವರು ಅವರೊಬ್ಬರೇ ಎಂದು ನನಗನಿಸಿಬಿಟ್ಟಿತ್ತು.

ಅವರು ಹೊಟ್ಟೆಯನ್ನು ಬೆರಳಿನಿಂದ ಒಂದು ಸಲ ಮುಟ್ಟಿ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋಗುತ್ತಿದ್ದ. ಏನೂ ಇಲ್ಲ. ಅವರು 'ಇಲ್ಲ' ಎಂದು ಎಲ್ಲಿ ಹೇಳಿಬಿಡುತ್ತಾರೋ ಎಂದು ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅವರು ಹೇಳುತ್ತಿರಲಿಲ್ಲ. ಬೆರಳು ತೆಗೆದು, "ಅವಸರ ಮಾಡಬಾರ್ದು" ಎನ್ನುತ್ತಿದ್ದರು.

"ಎದ್ದೇಳುತ್ತಾ ಮೇಡಂ?"

"ಎದ್ದೇಳುತ್ತೆ."

"ನಿಮಗೆ ಹೇಗ್ ಗೊತ್ತು?"

"ನಮ್ಮ ಜಿಗಣೆನ ಸೀಸೆಗೆ ಹಾಕೋ ಮೊದ್ಲು ತೆಗೆದು ತಿಳಿ ನೀರಿಗೆ ಬಿಟ್ರೆ ಎದ್ದೇಳುತ್ತೆ. ಅದರ ನೀರಿಗೆ ಅದು ಬಂದ್ರೆ ಸಾಕು. ನೀವು ಚೆನ್ನಾಗಿ ನೀರು ಕುಡೀರಿ, ಅದೂ ಎದ್ದೇಳುತ್ತೆ."

"ನೀವು ನೋಡಿದೀರಾ?"

"ಹೂಂ. ಎಷ್ಟೋ ಸಲ."

ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತು. ದಿನಾ ಅದನ್ನೇ ಕೇಳುತ್ತಿದ್ದೆ, ಮಕ್ಕಳು ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುವ ಹಾಗೆ. ಅವರು ದಿನಾ ಹೇಳುತ್ತಿದ್ದರು. ಮೊದಲು ಬಾಲದ ತುದಿ ಮಿಸುಕುತ್ತದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಆಗ ಗಾಬರಿಯಾಗಬಾರದು. ಮತ್ತೆ ಮಧ್ಯದಲ್ಲಿ ಒಂದು ಅಲೆ ಎದ್ದು ಕತ್ತಿನವರೆಗೆ ಬರುತ್ತದೆ. ಆಮೇಲೆ ತಲೆಯೆತ್ತಿ, ನಾನೆಲ್ಲಿದ್ದೇನೆ ಎಂದು ನೋಡುತ್ತದೆ. ತಲೆಯೆತ್ತಿ ನೋಡುವ ಜಾಗದಲ್ಲಿ ಅವರ ದನಿ ಸ್ವಲ್ಪ ತಡೆಯುತ್ತಿತ್ತು. ಅಷ್ಟು ವಿವರವಾಗಿ ನೋಡಿದವರು ತಪ್ಪು ಹೇಳಲಾರರು ಎಂದು ನಂಬಿ ನಾನು ಊಟ ಮಾಡುತ್ತಿದ್ದೆ, ನೀರು ಕುಡಿಯುತ್ತಿದ್ದೆ. ಡಾಕ್ಟರಮ್ಮ "ಬಡಿತ ಇದೆ, ಬಡಿತ ಇದೆ" ಎನ್ನುತ್ತಿದ್ದರು. ಮೊದಲ ಸಲವೂ ಕೊನೆಯವರೆಗೆ ಬಡಿತ ಇತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಅಂದು ಭಾನುವಾರ. ಮೇಡಂ ಬೆಳಿಗ್ಗೆಯೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಅತ್ತೆ ಈಗ ಅವರಿಗೆ ಒಗ್ಗಿಕೊಂಡು, ಸಕ್ಕರೆಯಿಲ್ಲದ ಕಾಫಿ ಮಾಡಲು ಒಳಗೆ ಹೋಗಿದ್ದರು. ನಾನು ದಿವಾನಿನ ಮೇಲೆ ಒರಗಿಕೊಂಡು, "ಹೇಳಿ ಮೇಡಂ, ಮೊದಲು ಬಾಲದ ತುದಿ" ಎಂದೆ. ಅವರು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಲು ಶುರುಮಾಡಿದರು. ಮಿಸುಕಾಟ ಹೇಳಿದರು, ಸುಮ್ಮನಾಗುವುದು ಹೇಳಿದರು. ಅಲೆ ಏಳುವ ಮಾತಿಗೆ ಬರುವಷ್ಟರಲ್ಲಿ ಪಕ್ಕೆಯ ಕೆಳಗೆ, ಸರಿಯಾಗಿ ಅವರ ಕೈಯಡಿಯಲ್ಲಿ, ಮಗು ಒದ್ದಿತು.

ಹಗುರವಾಗಿಯಲ್ಲ, ಸಿಟ್ಟು ಬಂದವರು ಒದೆಯುವ ಹಾಗೆ ಒದ್ದಿತು.

ಅವರು "ಅಮ್ಮಾ!" ಎಂದು ಚೀರಿ ಕೈ ಎಳೆದುಕೊಂಡ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಗೋಡೆಗೆ ಬೆನ್ನು ಹಚ್ಚಿ, ಬೆಂಕಿ ಮುಟ್ಟಿದವರ ಹಾಗೆ ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತರು. ನಾನು ಅಳುತ್ತಿದ್ದೆ, ನಗುತ್ತಿದ್ದೆ. ಅತ್ತೆ ಕಾಫಿ ಲೋಟ ಹಿಡಿದು ಓಡಿಬಂದು, ನನ್ನ ಮುಖ ನೋಡಿ ಅರ್ಥಮಾಡಿಕೊಂಡು, ದೇವರ ಫೋಟೋ ಕಡೆ ತಿರುಗಿ ಕೈಮುಗಿದರು. ಮೇಡಂ ಮಾತ್ರ ಗೋಡೆ ಬಿಟ್ಟು ಅಲ್ಲಾಡಲಿಲ್ಲ. ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಇಷ್ಟು ದಿನ ಒಂದು ಹನಿ ಕಣ್ಣೀರು ಹಾಕದವರ ಕೆನ್ನೆಯೆಲ್ಲ ಒದ್ದೆಯಾಗಿತ್ತು.

"ಯಾಕ್ ಮೇಡಂ, ಹೆದರ್ಕೊಂಡ್ರಾ? ನೀವೇ ಹೇಳ್ತಿದ್ರಲ್ಲ, ಎದ್ದೇಳುತ್ತೆ ಅಂತ. ಎಷ್ಟೋ ಸಲ ನೋಡಿದೀನಿ ಅಂತ."

"ಸುಳ್ಳು" ಎಂದರು. "ಸುಳ್ಳು ಹೇಳ್ದೆ ಕಣ್ರೀ. ಕೆಲಸಕ್ಕೆ ಸೇರಿದ ದಿನದಿಂದ ಮಲಗಿಸ್ತಾನೇ ಇದೀನಿ. ಒಂದನ್ನೂ ತಿಳಿ ನೀರಿಗೆ ಬಿಟ್ಟಿಲ್ಲ. ಎಲ್ಲಾನೂ ಸೀಸೆಗೇ ಹಾಕಿದೀನಿ. ಒಂದೇ ಒಂದು ಎದ್ದಿದ್ದನ್ನೂ ನಾನು ನೋಡೇ ಇಲ್ಲ."